ಹೊಸ ಗಾಡಿಯ ಸನ್‌ರೂಫ್: ಮುಂಗಾರಿಗೆ ಮೊದಲೇ ನೀರು ಹಾಕಿ ನೋಡಿ

ಈ ಸಂಚಿಕೆಯ ಪ್ರಶ್ನೆಗಳೆಲ್ಲ ಗಾಡಿಯ ಚಾವಣಿಯಿಂದ ಇಳಿಯುವ ನೀರಿಗೆ ಸಂಬಂಧಿಸಿದವು. ಅಶ್ವಿನಿ, ಭರಣಿ ಮಳೆಗಳು ಹೊಸ್ತಿಲಲ್ಲಿವೆ. ಬೇಸಿಗೆಯಲ್ಲಿ ಗಾಡಿ ಕೊಂಡವರಿಗೆ ಸೋರಿಕೆ ಗೊತ್ತಾಗುವುದು ಮೊದಲ ದೊಡ್ಡ ಮಳೆಗೆ. ಅಷ್ಟರಲ್ಲಿ ನೀರು ಕಾರ್ಪೆಟ್ಟಿನ ಅಡಿ ಸೇರಿರುತ್ತದೆ.

ಪ್ರಶ್ನೆ: ಯುಗಾದಿಗೆ ದೊಡ್ಡ ಸನ್‌ರೂಫ್ ಇರುವ ಹೊಸ ಎಸ್‌ಯುವಿ ತಗೊಂಡಿದ್ದೇವೆ. ಇನ್ನೂ ಒಂದು ಹನಿ ಮಳೆ ಕಂಡಿಲ್ಲ. ಸೋರುತ್ತದೋ ಇಲ್ಲವೋ ಮನೆಯಲ್ಲೇ ಪರೀಕ್ಷೆ ಮಾಡಬಹುದೇ? 'ಕಂಪನಿಯಲ್ಲೇ ಟೆಸ್ಟ್ ಆಗಿ ಬಂದಿರುತ್ತದೆ, ತಲೆ ಕೆಡಿಸ್ಕೋಬೇಡಿ' ಎನ್ನುತ್ತಾರೆ ಶೋರೂಮಿನವರು.
— ವಿದ್ಯಾನಗರ, ದಾವಣಗೆರೆ

ಉತ್ತರ: ಮಾಡಬಹುದು, ಮಾಡಲೇಬೇಕು. ಕಾರ್ಖಾನೆಯಲ್ಲಿ ಗಾಡಿಯ ಮೇಲೆ ನೀರು ಸುರಿಸಿ ನೋಡಿರುತ್ತಾರೆ ಎಂಬುದು ನಿಜ. ಆದರೆ ಅಲ್ಲಿಂದ ನಿಮ್ಮ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಗಾಡಿ ಟ್ರೇಲರ್ ಮೇಲೆ ನೂರಾರು ಕಿಲೋಮೀಟರ್ ಕುಲುಕಿರುತ್ತದೆ, ಯಾರ್ಡಿನಲ್ಲಿ ಧೂಳು ತಿಂದು ನಿಂತಿರುತ್ತದೆ, ಕೊನೆಗೆ ಆಕ್ಸೆಸರಿ ಹಾಕುವವರ ಕೈಗೂ ಸಿಕ್ಕಿರುತ್ತದೆ. ಡ್ಯಾಶ್‌ಕ್ಯಾಮ್ ವೈರನ್ನು ಮುಂಗಾಜಿನ ಪಕ್ಕದ ಕಂಬದೊಳಗೆ ತೂರಿಸುವಾಗ ಅಲ್ಲೇ ಇಳಿಯುವ ನೀರಿನ ಕೊಳವೆ ಜರುಗಿದರೆ, ಕಾರ್ಖಾನೆಯ ಪರೀಕ್ಷೆಗೆ ಅದು ಸಿಗುವ ಮಾತೇ ಇಲ್ಲ.

ಪರೀಕ್ಷೆಗೆ ಮೊದಲು ಸನ್‌ರೂಫಿನ ಕಟ್ಟು ತಿಳಿದಿರಬೇಕು. ಗಾಜಿನ ಸುತ್ತಲ ರಬ್ಬರು ನೀರನ್ನು ಪೂರ್ತಿ ತಡೆಯಲೆಂದು ಮಾಡಿದ್ದಲ್ಲ. ಹೆಚ್ಚಿನದನ್ನು ಅದು ಹೊರಗೇ ಹರಿಸುತ್ತದೆ, ಸ್ವಲ್ಪ ಒಳಗೆ ಬಂದೇ ಬರುತ್ತದೆ. ಹಾಗೆ ಬಂದ ನೀರಿಗೆ ದಾರಿ ಇದೆ. ನಮ್ಮ ಕಡೆಯ ಮಾಳಿಗೆ ಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಬೆಳಕಿಂಡಿಗೆ ಮುಚ್ಚಳ ಹಾಕಿದರಷ್ಟೇ ಸಾಲದು, ಮಾಳಿಗೆಯ ಮೇಲೆ ಬಿದ್ದ ನೀರು ದೋಣಿಯಿಂದ ಬೀದಿಗೆ ಬೀಳಬೇಕು. ದೋಣಿ ಕಟ್ಟಿಕೊಂಡರೆ ಮುಚ್ಚಳ ಎಷ್ಟು ಗಟ್ಟಿಯಿದ್ದರೂ ಮನೆ ಸೋರುತ್ತದೆ.

ಗಾಜನ್ನು ಪೂರ್ತಿ ಹಿಂದಕ್ಕೆ ಸರಿಸಿ ಇಣುಕಿದರೆ ಸುತ್ತ ಒಂದು ಬೆರಳಗಲದ ಕಾಲುವೆ ಕಾಣುತ್ತದೆ. ಅದರ ಮೂಲೆಗಳಲ್ಲಿ ಪೆನ್ಸಿಲ್ ತೂರುವಷ್ಟು ತೂತುಗಳು, ಪ್ರತಿ ತೂತಿಗೂ ಒಂದು ಕೊಳವೆ. ಮುಂದಿನ ಎರಡು ಕೊಳವೆಗಳು ಮುಂಗಾಜಿನ ಇಕ್ಕೆಲದ ಕಂಬಗಳಲ್ಲಿ ಇಳಿದು ಮುಂಬಾಗಿಲಿನ ಕೀಲಿನ ಬಳಿಯೋ ಮುಂಚಕ್ರದ ಹಿಂದೆಯೋ ಹೊರಬೀಳುತ್ತವೆ. ಹಿಂದಿನ ಎರಡು ಹಿಂಬದಿಯ ಕಂಬಗಳಲ್ಲಿ ಇಳಿದು ಹಿಂಚಕ್ರದ ಗೂಡಿನ ಬಳಿಗೋ ಬಂಪರಿನ ಹಿಂದಕ್ಕೋ ಬರುತ್ತವೆ. ಅನೇಕ ಗಾಡಿಗಳಲ್ಲಿ ಕೊಳವೆಯ ತುದಿಗೆ ಸೀಳು ಬಾಯಿಯ ರಬ್ಬರ್ ಮೂತಿ ಇರುತ್ತದೆ. ಅದು ನೀರನ್ನು ಹೊರಗೆ ಬಿಡುತ್ತದೆ, ಹುಳು ಮತ್ತು ಧೂಳನ್ನು ಒಳಗೆ ಬಿಡುವುದಿಲ್ಲ. ನೀವು ಪರೀಕ್ಷಿಸಬೇಕಾದದ್ದು ಮುಖ್ಯವಾಗಿ ಈ ಕೊಳವೆಗಳನ್ನು. ಗಾಜಿನ ಮೇಲೆ ನೀರು ಸುರಿದು 'ಹನಿ ಬರಲಿಲ್ಲ, ಸರಿ ಇದೆ' ಎಂದು ಬಿಟ್ಟರೆ ಅರ್ಧ ಪರೀಕ್ಷೆಯೂ ಆಗುವುದಿಲ್ಲ.

ಬೇಕಾದ ಸಾಮಾನು ಇಷ್ಟೇ: ಒಂದು ಲೀಟರಿನ ನೀರಿನ ಬಾಟಲಿ, ಅದರ ಮುಚ್ಚಳಕ್ಕೆ ದಬ್ಬಣದಿಂದ ಎರಡು ತೂತು, ಟಾರ್ಚು, ಟಿಶ್ಯೂ ಕಾಗದ, ಗಿಡಕ್ಕೆ ನೀರು ಬಿಡುವ ಪೈಪು, ಜೊತೆಗೆ ಒಬ್ಬರು. ಗಾಡಿ ಸಮ ನೆಲದಲ್ಲಿ, ಒಣಗಿದ ಕಾಂಕ್ರೀಟಿನ ಮೇಲೆ ನಿಲ್ಲಲಿ. ನೆಲ ಒದ್ದೆಯಿದ್ದರೆ ನೀರು ಎಲ್ಲಿ ಬಿತ್ತೆಂದು ಕಾಣುವುದಿಲ್ಲ.

ಮೊದಲು ಒಣ ತಪಾಸಣೆ. ಕಾಲುವೆಯಲ್ಲಿ ಟಾರ್ಚು ಹಾಯಿಸಿ. ಹೊಸ ಗಾಡಿಯಲ್ಲೂ ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ಚೂರು, ಸ್ಪಂಜಿನ ತುಣುಕು ಸಿಗುವುದುಂಟು. ಒಂದು ತೂತು ಮುಚ್ಚಲು ಕಡಲೆಕಾಳಿನಷ್ಟು ಸ್ಪಂಜು ಸಾಕು. ಆಮೇಲೆ ಗಾಜು ಮುಚ್ಚಿ, ಪ್ಲಾಸ್ಟಿಕ್ ಸ್ಕೇಲನ್ನು ಗಾಜಿಗೂ ಚಾವಣಿಗೂ ಅಡ್ಡ ಇಡಿ. ಸಾಮಾನ್ಯವಾಗಿ ಗಾಜಿನ ಮುಂದಿನ ಅಂಚು ಚಾವಣಿಗೆ ಸಮವಾಗಿರಬೇಕು ಅಥವಾ ಒಂದು ಮಿಲಿಮೀಟರ್‌ ಒಳಗೆ ತಗ್ಗಿರಬೇಕು. ಹಿಂದಿನ ಅಂಚು ಸಮವಾಗಿರಬೇಕು ಅಥವಾ ಅಷ್ಟೇ ಎತ್ತರವಿರಬಹುದು. ಮುಂದಿನ ಅಂಚೇ ಎದ್ದಿದ್ದರೆ ಓಟದಲ್ಲಿ ಗಾಳಿ ಮತ್ತು ನೀರು ನೇರ ಅದರಡಿ ನುಗ್ಗುತ್ತವೆ, ಶಿಳ್ಳೆಯಂಥ ಸದ್ದೂ ಬರುತ್ತದೆ. ಎಡಬಲಗಳಲ್ಲಿ ಅಳತೆ ಬೇರೆ ಬೇರೆ ಬಂದರೆ ಗಾಜು ಓರೆಯಾಗಿ ಕೂತಿದೆ. ಸ್ಕ್ರೂ ತಿರುಗಿಸುವ ಕೆಲಸ ನೀವು ಮಾಡಬೇಡಿ, ಅಳತೆ ಬರೆದುಕೊಂಡು ಸರ್ವೀಸಿನವರಿಗೆ ತೋರಿಸಿ. ರಬ್ಬರಿನ ಹಿಡಿತ ನೋಡಲು ಒಂದು ತೆಳು ಕಾಗದದ ಪಟ್ಟಿಯನ್ನು ಅಂಚಿಗೆ ಇಟ್ಟು ಗಾಜು ಮುಚ್ಚಿ, ಮೆಲ್ಲಗೆ ಎಳೆಯಿರಿ. ನಾಲ್ಕು ಕಡೆಯೂ ಒಂದೇ ಬಿಗಿ ಸಿಗಬೇಕು. ಸಲೀಸಾಗಿ ಜಾರಿದ ಜಾಗಕ್ಕೆ ಗುರುತು ಹಾಕಿ.

ಈಗ ಬಾಟಲಿ. ಗಾಜು ತೆರೆದು, ಮುಂದಿನ ಎಡ ಮೂಲೆಯ ತೂತಿನ ಪಕ್ಕ 250 ಮಿಲಿಲೀಟರ್ ನೀರನ್ನು ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಬಿಡಿ. ಜೊತೆಗಿರುವವರು ಕೆಳಗೆ ಬಗ್ಗಿ ನೋಡುತ್ತಿರಲಿ. ಸರಿಯಿದ್ದರೆ ಮೊದಲು ಧೂಳು ತೊಳೆದ ನಾಲ್ಕಾರು ಕಂದು ಹನಿ, ಹಿಂದೆಯೇ ತಿಳಿನೀರಿನ ಸಣ್ಣ ಧಾರೆ ಬೀಳುತ್ತದೆ. ಸುರಿಯುವುದು ನಿಲ್ಲಿಸಿದ ಕೆಲವೇ ಸೆಕೆಂಡಿನಲ್ಲಿ ಕಾಲುವೆ ಬರಿದಾಗಬೇಕು. ಬಲ ಮೂಲೆಗೂ ಹೀಗೇ ಮಾಡಿ, ಎರಡರ ಸಮಯ ಹೋಲಿಸಿ. ಒಂದಕ್ಕೆ ಇನ್ನೊಂದರ ಎರಡರಷ್ಟು ಹೊತ್ತು ಹಿಡಿದರೆ ಆ ಕೊಳವೆ ಮಡಚಿದೆ ಅಥವಾ ಅರ್ಧ ಕಟ್ಟಿದೆ.

ಇಲ್ಲಿ ಮೂರು ಫಲ ಬರಬಹುದು. ನೀರು ಹೊರಗೆ ಬಿದ್ದರೆ ಒಳ್ಳೆಯದು. ಕಾಲುವೆಯಲ್ಲೇ ನಿಂತರೆ ಕೊಳವೆ ಕಟ್ಟಿದೆ, ತೆಗೆಯಬಹುದು. ನೀರು ಕಾಲುವೆಯಿಂದ ಮಾಯವಾಗಿ ಗಾಡಿಯ ಕೆಳಗೂ ಬೀಳದಿದ್ದರೆ ಎರಡು ನಿಮಿಷ ಕಾಯಿರಿ, ಏಕೆಂದರೆ ಕೆಲವು ಗಾಡಿಗಳಲ್ಲಿ ನೀರು ಬಾಗಿಲ ಕೆಳಗಿನ ಪೊಳ್ಳು ಪಟ್ಟಿಯೊಳಗೆ ಹರಿದು ನಿಧಾನಕ್ಕೆ ಹೊರಬರುತ್ತದೆ. ಆಗಲೂ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಕೊಳವೆ ಕಾಲುವೆಯ ಮೂತಿಯಿಂದ ಕಳಚಿದೆ, ನೀವು ಸುರಿದ ಕಾಲು ಲೀಟರ್ ಗಾಡಿಯ ಒಳಗೇ ಇದೆ. ಮೂರರಲ್ಲಿ ಇದೇ ಕೆಟ್ಟದ್ದು.

ಹಿಂದಿನ ತೂತುಗಳು ದೊಡ್ಡ ಸನ್‌ರೂಫ್‌ಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಚಕ್ರಗಳನ್ನು ಇಳಿಜಾರಿನಲ್ಲಿ ಮೇಲಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಪಕ್ಕದ ಕಾಲುವೆಯಲ್ಲಿ ನೀರು ಬಿಡಿ. ತಾನಾಗಿಯೇ ಹಿಂದಕ್ಕೆ ಹರಿದು ಹಿಂಚಕ್ರದ ಬಳಿ ಬೀಳಬೇಕು.

ಕೊನೆಗೆ ಪೈಪು. ಗಾಜು ಮುಚ್ಚಿ, ಪೈಪಿಗೆ ನಳಿಕೆ ಹಾಕದೆ, ಒಂದು ನಿಮಿಷಕ್ಕೆ ಹತ್ತು ಲೀಟರ್ ಬಕೆಟ್ ತುಂಬುವಷ್ಟು ನೀರು ಬಿಟ್ಟುಕೊಳ್ಳಿ. ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮುಂಗಾಜಿನ ಬುಡಕ್ಕೆ ಐದು ನಿಮಿಷ, ಬಾಗಿಲುಗಳಿಗೆ ಐದು ನಿಮಿಷ, ಕಟ್ಟಕಡೆಗೆ ಸನ್‌ರೂಫಿನ ಅಂಚಿಗೆ ಹತ್ತು ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು, ಹನಿ ಬಂದಾಗ ಅದು ಗಾಜಿನದೋ ಬಾಗಿಲಿನದೋ ಗೊತ್ತಾಗದು. ಒಳಗೆ ಕೂತವರು ಒಣಗೈಯಲ್ಲಿ ಟಿಶ್ಯೂ ಹಿಡಿದು ಸನ್‌ರೂಫಿನ ಒಳ ಅಂಚು, ನಡುವಿನ ದೀಪ, ಸನ್ ವೈಸರಿನ ಕೀಲು, ಮುಂಗಾಜಿನ ಕಂಬದ ಬುಡ ಇಷ್ಟನ್ನೂ ಒತ್ತಿ ನೋಡುತ್ತಿರಲಿ.

ನೀರು ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಬಾಗಿಲ ಹೊಸ್ತಿಲ ಪಕ್ಕದಲ್ಲಿ ಕಾರ್ಪೆಟ್ಟಿನ ಅಂಚನ್ನು ಎರಡು ಬೆರಳು ಎತ್ತಿ ಅಡಿಯ ಸ್ಪಂಜನ್ನು ಹಿಸುಕಿ. ಮೇಲೆ ಮುಟ್ಟಿದರೆ ಒಣಗಿರುತ್ತದೆ, ಅಡಿಯಲ್ಲಿ ಲೀಟರುಗಟ್ಟಲೆ ನೀರು ಕುಡಿದಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿ ತಪ್ಪದೆ ನೋಡಿ. ಹಿಂದಿನ ಕೊಳವೆ ಕಳಚಿದ್ದರೆ ನೀರು ಸೇರುವುದು ಬಹುಪಾಲು ಅಲ್ಲಿಯೇ. ಮರುದಿನ ಬೆಳಗ್ಗೆ ಗಾಜುಗಳ ಒಳಮೈ ಮಂಜು ಹಿಡಿದಿದ್ದರೆ ಎಲ್ಲೋ ತೇವ ಉಳಿದಿದೆ ಎಂದೇ ಅರ್ಥ.

ಪ್ರಶ್ನೆ: ಮೊನ್ನೆ ಜೋರು ಮಳೆಯಲ್ಲಿ ಪಿ.ಬಿ. ರಸ್ತೆಯಲ್ಲಿ ಬ್ರೇಕ್ ಹಾಕಿದ ಕೂಡಲೇ ತಲೆ ಮೇಲಿನ ದೀಪದಿಂದ ನೀರು ಸುರಿಯಿತು. ಸರ್ವೀಸ್ ಸೆಂಟರಿನಲ್ಲಿ ಗಾಜಿನ ಸುತ್ತ ಸಿಲಿಕಾನ್ ಹಚ್ಚಿ ಕೊಟ್ಟರು. ಈಗ ನಿಂತಿದೆ. ಇಷ್ಟಕ್ಕೆ ಬಿಡಬಹುದೇ?
— ಹದಡಿ ರಸ್ತೆ, ದಾವಣಗೆರೆ

ಉತ್ತರ: ಬಿಡಬೇಡಿ. ಬ್ರೇಕ್ ಹಾಕಿದಾಗ ಮಾತ್ರ ನೀರು ಸುರಿದದ್ದೇ ರೋಗವನ್ನು ಹೇಳುತ್ತದೆ. ಮುಂದಿನ ಕೊಳವೆ ಕಟ್ಟಿ ಕಾಲುವೆಯಲ್ಲಿ ನೀರು ತುಂಬಿತ್ತು. ಗಾಡಿ ತಟ್ಟನೆ ನಿಂತಾಗ ಅದು ಮುಂದಕ್ಕೆ ನುಗ್ಗಿ, ಕಾಲುವೆಯ ಅಂಚು ದಾಟಿ, ಚಾವಣಿ ಬಟ್ಟೆಯ ಮೇಲೆ ಹರಿದು, ಸಿಕ್ಕ ಮೊದಲ ತೂತಾದ ದೀಪದಿಂದ ಇಳಿಯಿತು. ತಿರುವಿನಲ್ಲಿ ಪಕ್ಕದ ಹಿಡಿಕೆಯ ಸ್ಕ್ರೂ ಬಳಿ ಹನಿ ಬಂದರೂ ಇದೇ ಕಾರಣ.

ಸಿಲಿಕಾನ್ ಹಚ್ಚಿದ್ದರಿಂದ ಕೊಳವೆ ತೆರೆಯಲಿಲ್ಲ, ಗಾಜಿನ ಅಂಚು ಮಾತ್ರ ಅಂಟಿಕೊಂಡಿತು. ಮರೆತು ಸ್ವಿಚ್ ಒತ್ತಿದರೆ ಮೋಟಾರು ಎಳೆಯುತ್ತದೆ, ಗಾಜು ಬರುವುದಿಲ್ಲ, ರಬ್ಬರು ಹರಿಯುತ್ತದೆ, ಇಲ್ಲವೇ ಎಳೆಯುವ ಕೇಬಲ್ ಹಾಳಾಗುತ್ತದೆ. ಬಿಸಿಲಿಗೆ ಸಿಲಿಕಾನ್ ಎಲ್ಲಾದರೂ ಬಾಯಿ ಬಿಟ್ಟೇ ಬಿಡುತ್ತದೆ. ಆಗ ಬಂದ ನೀರಿಗೆ ಹೊರದಾರಿ ಇನ್ನೂ ಮುಚ್ಚಿಯೇ ಇರುತ್ತದೆ. ಆ ಸಿಲಿಕಾನನ್ನು ಅವರಿಂದಲೇ ತೆಗೆಸಿ. ಬ್ಲೇಡು ಬಳಸಬಾರದು, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬೇಕು. ರಬ್ಬರು ಗಾಯವಾಗಿದ್ದರೆ ಹೊಸದನ್ನು ಕೇಳಿ. ನಾಲ್ಕೂ ಕೊಳವೆಗಳಲ್ಲಿ ನಿಮ್ಮ ಎದುರೇ ನೀರು ಹರಿಸಿ ತೋರಿಸಲಿ.

ಇತ್ತೀಚೆಗೆ ಬ್ಯಾಟರಿ ಬಿಚ್ಚಿ ಹಾಕಿಸಿದ್ದರೆ ಅದನ್ನೂ ಅವರಿಗೆ ಹೇಳಿ. ಹಲವು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿದರೆ ಸನ್‌ರೂಫಿನ ಮೋಟಾರು 'ಪೂರ್ತಿ ಮುಚ್ಚಿದ ಜಾಗ' ಯಾವುದೆಂಬುದನ್ನು ಮರೆಯುತ್ತದೆ, ಗಾಜು ಕೂದಲೆಳೆಯಷ್ಟು ತೆರೆದು ನಿಲ್ಲುತ್ತದೆ. ಮುಚ್ಚುವ ಸ್ವಿಚ್ಚನ್ನು ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಒತ್ತಿ ಹಿಡಿದರೆ ಮತ್ತೆ ಕಲಿಯುತ್ತದೆ.

ಪ್ರಶ್ನೆ: ಮಳೆಯೇ ಇಲ್ಲ, ಆದರೂ ಮುಂದಿನ ಎಡ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ. ಸನ್‌ರೂಫ್ ಸೋರುತ್ತಿದೆಯೇ?
— ಹರಿಹರ

ಉತ್ತರ: ಮಳೆಯೂ ಇಲ್ಲ, ಗಾಡಿ ತೊಳೆದೂ ಇಲ್ಲ ಎಂದಾದರೆ ಸನ್‌ರೂಫಿನ ಮೇಲೆ ಅನುಮಾನ ಬೇಡ, ಎಸಿಯ ಕಡೆ ನೋಡಿ. ಎಸಿ ಓಡುವಾಗ ಡ್ಯಾಶ್‌ಬೋರ್ಡಿನ ಒಳಗಿನ ತಣ್ಣನೆಯ ಜಾಲರಿಯ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಅದು ಒಂದು ರಬ್ಬರ್ ಕೊಳವೆಯಿಂದ ಗಾಡಿಯ ಕೆಳಗೆ ತೊಟ್ಟಿಕ್ಕಬೇಕು. ಆ ಕೊಳವೆ ಕಟ್ಟಿದರೆ ನೀರು ಕಾರ್ಪೆಟ್ಟಿಗೆ ಇಳಿಯುತ್ತದೆ. ಹತ್ತು ಹದಿನೈದು ನಿಮಿಷ ಎಸಿ ಹಾಕಿ ನಿಲ್ಲಿಸಿ, ಎಂಜಿನ್ನಿನ ಹಿಂಭಾಗದ ಕೆಳಗೆ ನೆಲದ ಮೇಲೆ ನೀರು ಬೀಳುತ್ತದೆಯೇ ನೋಡಿ. ಬೇಸಿಗೆಯ ಒಣ ಗಾಳಿಯಲ್ಲಿ ಹನಿ ಕಡಿಮೆ, ಸಂಜೆ ಸೆಕೆಯಲ್ಲಿ ಹೆಚ್ಚು. ಒಳಗೆ ಒದ್ದೆಯಾಗಿ ಹೊರಗೆ ಒಂದು ಹನಿಯೂ ಬೀಳದಿದ್ದರೆ ಕಾರಣ ಸಿಕ್ಕಿತು.

ಒದ್ದೆಯಾದ ನೀರನ್ನು ಬಿಳಿ ಟಿಶ್ಯೂಗೆ ಹಿಡಿದು ನೋಡಿ. ಬಣ್ಣವೂ ವಾಸನೆಯೂ ಇಲ್ಲದ್ದು ಎಸಿಯದು. ಕೆಂಪು ಅಥವಾ ಕಂದು ಧೂಳಿನ ಗೆರೆ ಬಿಟ್ಟರೆ ಹೊರಗಿನ ನೀರು. ಗುಲಾಬಿಯೋ ಹಸಿರೋ ಬಣ್ಣವಿದ್ದು, ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ. ಹೀಟರಿನ ಕಡೆ ಸೋರಿಕೆ ಇದೆ, ಗಾಡಿಯನ್ನು ಕೂಡಲೇ ತೋರಿಸಿ. ಮಳೆ ಬಂದಾಗ ಬಾಗಿಲ ಬುಡದಲ್ಲಿ ಮಾತ್ರ ಒದ್ದೆಯಾದರೆ ಬಾಗಿಲ ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆ ಬಿಟ್ಟುಕೊಂಡಿರಬಹುದು. ಸ್ಪೀಕರ್ ಬದಲಿಸಿದ ಗಾಡಿಗಳಲ್ಲಿ ಇದು ಹೆಚ್ಚು.

ಪ್ರಶ್ನೆ: ನಮ್ಮ ಕಡೆ ಮಳೆಯೇ ಅಪರೂಪ. ನಮಗೂ ಈ ತಾಪತ್ರಯ ಬೇಕೇ?
— ಚಳ್ಳಕೆರೆ

ಉತ್ತರ: ನಿಮಗೇ ಹೆಚ್ಚು ಬೇಕು. ಮಲೆನಾಡಿನಲ್ಲಿ ಮಳೆಯೇ ಕೊಳವೆಯನ್ನು ಆಗಾಗ ತೊಳೆಯುತ್ತಿರುತ್ತದೆ. ಚಳ್ಳಕೆರೆಯಲ್ಲಿ ತಿಂಗಳುಗಟ್ಟಲೆ ಧೂಳು ಒಣಗಿ ಕೂರುತ್ತದೆ. ಮೊದಲ ಮಳೆಗೆ ಅದೆಲ್ಲ ಒಟ್ಟಿಗೆ ಕೆಸರಾಗಿ ಮೂಲೆಯ ತೂತಿಗೆ ಬಂದು ನಿಲ್ಲುತ್ತದೆ. ಅದಿರು ಲಾರಿ ಓಡಾಡುವ ಹೊಳಲ್ಕೆರೆ, ಹೊಸದುರ್ಗದ ಕಡೆಯವರಿಗೆ ಕೆಂಪು ಧೂಳಿನ ಗುಣ ಗೊತ್ತು: ಒದ್ದೆಯಾಗಿ ಒಣಗಿದರೆ ಗಾರೆಯಂತೆ ಕಚ್ಚುತ್ತದೆ.

ಗಾಡಿ ನಿಲ್ಲಿಸುವ ಮರವನ್ನೂ ಗಮನಿಸಿ. ಬೇಸಿಗೆಯಲ್ಲಿ ಹೂ ಉದುರಿಸುವ ಬೇವು ಮತ್ತು ಹೊಂಗೆ, ಕಾಳಿನಷ್ಟು ಸಣ್ಣ ಎಲೆಯ ಹುಣಸೆ, ಈ ಮೂರರ ನೆರಳು ಸನ್‌ರೂಫಿಗೆ ಒಳ್ಳೆಯದಲ್ಲ. ಮಾವಿನ ಎಲೆ ದೊಡ್ಡದು, ಗಾಜಿನ ಮೇಲೇ ಉಳಿಯುತ್ತದೆ. ಬೇವಿನ ಹೂ ರಬ್ಬರಿನ ಸಂದಿಯಲ್ಲಿ ಇಳಿದು ಕಾಲುವೆ ಸೇರಿ, ಧೂಳಿನೊಂದಿಗೆ ಬೆರೆತು ಬಿರಡೆಯಾಗುತ್ತದೆ. ಅಲ್ಲೇ ನಿಲ್ಲಿಸಬೇಕಾದರೆ ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಕಾಲುವೆ ಒರೆಸಿ. ಮಿಕ್ಕವರಿಗೆ ಮೂರು ತಿಂಗಳಿಗೊಮ್ಮೆ ಸಾಕು. ಬಾಟಲಿ ಪರೀಕ್ಷೆ ವರ್ಷಕ್ಕೆ ಎರಡು ಸಲ: ಏಪ್ರಿಲ್‌ನಲ್ಲಿ ಒಮ್ಮೆ, ಹಿಂಗಾರಿಗೆ ಮೊದಲು ಸೆಪ್ಟೆಂಬರ್‌ನಲ್ಲಿ ಒಮ್ಮೆ.

ಪ್ರಶ್ನೆ: ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ ಕೊಳವೆ ತೆಗೆಸಬಹುದೇ? ಕಬ್ಬಿಣದ ತಂತಿ ಹಾಕಬಹುದೇ?
— ಚನ್ನಗಿರಿ

ಉತ್ತರ: ಎರಡೂ ಬೇಡ. ಕೊಳವೆಯನ್ನು ಕಾಲುವೆಯ ಮೂತಿಗೆ ಬರೀ ಒತ್ತಿ ಕೂರಿಸಿರುತ್ತಾರೆ. ಕಂಪ್ರೆಸರಿನ ಗಾಳಿ ಕಸವನ್ನು ತಳ್ಳುವ ಬದಲು ಕೊಳವೆಯನ್ನೇ ಕಳಚಿಬಿಡುತ್ತದೆ, ಅದೂ ಚಾವಣಿ ಬಟ್ಟೆಯ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ. ತಂತಿ ಬಳುಕುವ ಜಾಗದಲ್ಲಿ ಕೊಳವೆಯನ್ನು ಚುಚ್ಚುತ್ತದೆ. ಆಮೇಲೆ ಚಾವಣಿ ಬಟ್ಟೆ ಇಳಿಸದೆ ದುರಸ್ತಿಯಿಲ್ಲ.

ಅಡಿಕೆ ತೋಟದಲ್ಲಿ ಕಳೆ ಹೊಡೆಯುವ ಯಂತ್ರಕ್ಕೆ ಹಾಕುವ ನೈಲಾನ್ ದಾರ ನಿಮ್ಮ ಊರಿನಲ್ಲೇ ಸಿಗುತ್ತದೆ. ಸುಮಾರು 2 ಮಿಲಿಮೀಟರ್ ದಪ್ಪದ, ದುಂಡನೆಯ ದಾರವನ್ನು ಎರಡು ಮೀಟರ್ ತಗೊಳ್ಳಿ. ಚೌಕ ಅಥವಾ ಹಲ್ಲಿನ ಅಂಚಿನದು ಬೇಡ. ತುದಿಯನ್ನು ಬೆಂಕಿಗೆ ಹಿಡಿದು ಸಾಸಿವೆಯಂತೆ ದುಂಡಗೆ ಮಾಡಿ, ಆರಲು ಬಿಡಿ. ತೂತಿಗೆ ಬಿಟ್ಟು ಬೆರಳಲ್ಲಿ ತಿರುಗಿಸುತ್ತಾ ಮೆಲ್ಲಗೆ ಇಳಿಸಿ. ತಡೆದರೆ ಅರ್ಧ ಅಡಿ ಹಿಂದಕ್ಕೆಳೆದು ಮತ್ತೆ ತಿರುಗಿಸಿ, ಒತ್ತಡ ಹಾಕಬೇಡಿ. ನಡುನಡುವೆ ಒಂದು ಗುಟುಕು ಉಗುರುಬೆಚ್ಚಗಿನ ನೀರು ಬಿಡಿ. ಕೆಳಗಿನ ರಬ್ಬರ್ ಮೂತಿ ಕೈಗೆ ಸಿಗುವಂತಿದ್ದರೆ ಅದನ್ನು ಹಿಸುಕಿ ಕೆಸರು ತೆಗೆಯಿರಿ. ಎಷ್ಟೋ ಸಲ ಕಟ್ಟಿರುವುದು ಅಲ್ಲೇ.

ರಬ್ಬರಿಗೆ ಡೀಸೆಲ್, ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಕೆಲವರಿಗಿದೆ. ಡೀಸೆಲ್ ರಬ್ಬರನ್ನು ಉಬ್ಬಿಸುತ್ತದೆ, ಎಣ್ಣೆ ಧೂಳನ್ನು ಹಿಡಿಯುತ್ತದೆ. ಶಾಂಪೂ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ರಬ್ಬರಿಗೆಂದೇ ಬರುವ ಸಿಲಿಕಾನ್ ಗ್ರೀಸನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರಿ. ತೊಳೆಯುವ ಅಂಗಡಿಯಲ್ಲಿ ಪ್ರೆಷರ್ ಗನ್ನನ್ನು ಸನ್‌ರೂಫಿನ ಅಂಚಿಗೆ ಗುರಿಯಿಡಬಾರದೆಂದೂ ಹೇಳಿ, ಒಂದು ಮೀಟರ್ ದೂರವಿರಲಿ. ಹತ್ತಿರದಿಂದ ಹೊಡೆದರೆ ಚೆನ್ನಾಗಿರುವ ರಬ್ಬರೂ ತುಟಿ ಎತ್ತಿ ನೀರು ಬಿಡುತ್ತದೆ. ಅದರಿಂದ ಗಾಡಿ ಸೋರುತ್ತದೆ ಎಂದು ತೀರ್ಮಾನಿಸಲಾಗದು.

ಪ್ರಶ್ನೆ: ಹೊಸ ಲಾರಿ. ಕ್ಯಾಬಿನ್ ಮೇಲಿನ ಗಾಳಿಕಿಂಡಿ ತೆಗೆಸಿ ಅದೇ ಜಾಗಕ್ಕೆ ಎಸಿ ಕೂರಿಸಿದ್ದೇವೆ. ಮಳೆ ಬಂದರೆ ಡ್ರೈವರ್ ಬೆನ್ನ ಹಿಂದಿನ ಬರ್ತ್ ಒದ್ದೆಯಾಗುತ್ತದೆ. ಎಸಿಯವರು ಬಾಡಿ ಕಟ್ಟಿದವರ ಮೇಲೆ ಹೇಳುತ್ತಾರೆ, ಬಾಡಿಯವರು ಎಸಿಯವರ ಮೇಲೆ.
— ಮೆದೇಹಳ್ಳಿ ರಸ್ತೆ, ಚಿತ್ರದುರ್ಗ

ಉತ್ತರ: ಜಗಳ ಬಿಡಿಸಲು ಸೀಮೆಸುಣ್ಣ ಸಾಕು. ಕ್ಯಾಬಿನ್ನಿನ ಒಳಗಿನ ರೆಕ್ಸಿನ್ ಅಥವಾ ಬಟ್ಟೆಯನ್ನು ಎಸಿಯ ಸುತ್ತ ಒಂದೂವರೆ ಅಡಿ ಬಿಚ್ಚಿಸಿ, ತಗಡಿನ ಒಳಮೈ ಒಣಗಿಸಿ, ಸೀಮೆಸುಣ್ಣದ ಪುಡಿ ಸವರಿ. ಮೇಲೆ ಒಂದೊಂದೇ ಜಾಗಕ್ಕೆ ಐದೈದು ನಿಮಿಷ ಪೈಪಿನಲ್ಲಿ ನೀರು ಬಿಡಿ. ಮೊದಲು ಹಿಂಗೋಡೆ, ಆಮೇಲೆ ಚಾವಣಿಯ ಹಿಂಭಾಗ, ಮುಂಭಾಗ, ಕೊನೆಗೆ ಎಸಿಯ ಬುಡ. ನೀರು ಹಾದ ದಾರಿ ಪುಡಿಯಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ. ಗೆರೆಯ ಮೇಲಿನ ತುದಿಯೇ ತೂತು.

ಎಸಿಯ ಬುಡವನ್ನು ಕೊನೆಗಿಟ್ಟದ್ದಕ್ಕೆ ಕಾರಣವಿದೆ. ಲಾರಿ ಕ್ಯಾಬಿನ್ನಿನ ಮೇಲೆ ತೂತುಗಳು ಒಂದೆರಡಲ್ಲ: ಗಾಳಿ ಹಾರನ್, ಬಣ್ಣದ ದೀಪ, ಹೆಸರಿನ ಬೋರ್ಡು, ಕ್ಯಾರಿಯರ್. ಇವುಗಳ ಬೋಲ್ಟಿಗೆ ವಾಷರ್ ಇರುತ್ತದೆ, ಅದರಡಿ ರಬ್ಬರ್ ಇರುವುದಿಲ್ಲ. ನೀರು ಮುಂದೆ ಹಾರನ್ ತೂತಿನಲ್ಲಿ ಇಳಿದು, ತಗಡಿನ ಅಡಿ ಹರಿದು, ಹಿಂದೆ ಬರ್ತಿನ ಮೇಲೆ ಬೀಳಬಲ್ಲದು. ಬಿದ್ದ ಜಾಗದ ನೇರ ಮೇಲೆ ಹುಡುಕಿದವರಿಗೆ ಅದು ಸಿಗುವುದಿಲ್ಲ.

ಗೆರೆ ಎಸಿಯ ಬುಡದಿಂದಲೇ ಬಂದರೆ ಎಸಿ ಇಳಿಸಬೇಕು. ಹೊರಗಿನಿಂದ ಸುತ್ತ ಬಳಿದದ್ದು ನಿಲ್ಲುವುದಿಲ್ಲ. ಎಸಿಗೂ ತಗಡಿಗೂ ನಡುವೆ ಕೂರುವ ಸ್ಪಂಜಿನ ಪಟ್ಟಿ, ಅಂದರೆ ಗ್ಯಾಸ್ಕೆಟ್, ಒಂದೇ ತುಂಡಿನದಾಗಿರಬೇಕು, ಕೂಡಿಸಲೇಬೇಕಿದ್ದರೆ ಕೂಡು ಲಾರಿಯ ಹಿಂಬದಿಗೆ ಬರಲಿ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಸ್ಪಂಜು ಗ್ಯಾಸ್ಕೆಟ್ ಸುಮಾರು ಅರ್ಧಕ್ಕೆ ಅಮುಕಿದರೆ ಸಾಕು. ಬಲ ಇದೆಯೆಂದು ಇನ್ನೂ ಬಿಗಿದರೆ ತೆಳು ತಗಡು ತಟ್ಟೆಯಂತೆ ತಗ್ಗಿ, ಎಸಿಯ ಸುತ್ತ ನೀರು ನಿಲ್ಲುವ ಕೆರೆಯಾಗುತ್ತದೆ. ಕತ್ತರಿಸಿದ ತಗಡಿನ ಅಂಚಿಗೆ ಪ್ರೈಮರ್ ಹಚ್ಚದೆ ಕೂರಿಸಿದ್ದರೆ ತುಕ್ಕು ಗ್ಯಾಸ್ಕೆಟ್ಟನ್ನು ಒಳಗಿನಿಂದ ಎತ್ತುತ್ತದೆ, ಎಸಿ ಇಳಿಸಿದಾಗಲೇ ಅದನ್ನು ಉಜ್ಜಿ ಪ್ರೈಮರ್ ಹಚ್ಚಿಸಿ.

ಬಳಿಯುವುದು ಪಾಲಿಯುರೇಥೇನ್ ಸೀಲಂಟ್ ಆಗಿರಲಿ. ಹಚ್ಚುವಾಗ ವಿನಿಗರ್ ವಾಸನೆ ಬರುವ ಸಿಲಿಕಾನ್ ಬರಿಯ ತಗಡಿಗೆ ತುಕ್ಕು ತರಿಸುತ್ತದೆ, ಅದರ ಮೇಲೆ ಬಣ್ಣವೂ ಹಿಡಿಯದು. ಪಾಲಿಯುರೇಥೇನ್ ಒಣಗಲು ದಿನಕ್ಕೆ ಎರಡು ಮೂರು ಮಿಲಿಮೀಟರಿನ ಲೆಕ್ಕ. ಕನಿಷ್ಠ 24 ಗಂಟೆ ಲಾರಿ ನಿಲ್ಲಿಸಿ, ಆಮೇಲೆ ನೀರು ಹಾಕಿ. ಬಾಡಿಗೆ ತಪ್ಪುತ್ತದೆಂದು ಅದೇ ಸಂಜೆ ಹೊರಟರೆ ಹೆದ್ದಾರಿಯ ಕುಲುಕಾಟಕ್ಕೆ ಸೀಲಂಟ್ ಒಳಗೇ ಬಿರುಕು ಬಿಡುತ್ತದೆ. ಎಸಿಯಿಂದ ಬರುವ ನೀರಿನ ಪೈಪು ಕ್ಯಾಬಿನ್ ಎತ್ತಿದಾಗ ಎಳೆದುಕೊಳ್ಳುತ್ತದೆಯೇ ಎಂಬುದನ್ನೂ ಒಮ್ಮೆ ಎತ್ತಿಸಿ ನೋಡಿ.

ಪ್ರಶ್ನೆ: ಸನ್‌ರೂಫ್, ಮೂನ್‌ರೂಫ್ ಬೇರೆ ಬೇರೆಯೇ?
— ಜಗಳೂರು

ಉತ್ತರ: ಹಿಂದೆ ಸನ್‌ರೂಫ್ ಎಂದರೆ ತಗಡಿನ ಮುಚ್ಚಳ, ತೆರೆದರೆ ಮಾತ್ರ ಬೆಳಕು. ಬಣ್ಣದ ಗಾಜಿನ ಮುಚ್ಚಳಕ್ಕೆ ಮೂನ್‌ರೂಫ್ ಎಂಬ ಹೆಸರು ಅಮೆರಿಕದಲ್ಲಿ ಬಂತು, ಫೋರ್ಡ್ ಕಂಪನಿ 1973ರಲ್ಲಿ ತನ್ನ ಲಿಂಕನ್ ಕಾರಿಗೆ ಬಳಸಿದ ಮಾತು ಅದು. ನಮ್ಮಲ್ಲಿ ಗಾಜಿನದಕ್ಕೂ ಸನ್‌ರೂಫ್ ಎಂದೇ ಹೇಳುತ್ತಾರೆ. ನೀರಿನ ಕಾಲುವೆ, ಕೊಳವೆಯ ವ್ಯವಸ್ಥೆ ಒಂದೇ.

ಪ್ರಶ್ನೆ: ಪಿಕಪ್‌ಗೆ ಹೊರಗಿನಿಂದ ಸನ್‌ರೂಫ್ ಹಾಕಿಸಬೇಕೆಂದಿದ್ದೇವೆ. ಸೋರದಂತೆ ಹಾಕುತ್ತಾರಂತೆ.
— ಹಿರಿಯೂರು

ಉತ್ತರ: ಹಾಕಿಸಬೇಡಿ. ಚಾವಣಿಯ ಅಡ್ಡಪಟ್ಟಿ ಕತ್ತರಿಸಿದರೆ ಗಾಡಿ ಮಗುಚಿದಾಗ ತಲೆ ಕಾಯುವ ಬಲ ಹೋಗುತ್ತದೆ. ಹೊರಗಿನವರು ಕೊಳವೆಗಳನ್ನು ಕಂಬದೊಳಗೆ ಇಳಿಸುವುದೂ ಕಷ್ಟ. ಪಕ್ಕದಲ್ಲಿ ಪರದೆ ಏರ್‌ಬ್ಯಾಗ್ ಇದ್ದರೆ ಅದಕ್ಕೆ ಕೈ ತಾಗುತ್ತದೆ. ಕಂಪನಿಯ ವಾರಂಟಿಗೆ, ವಿಮೆಗೆ ತೊಡಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಿಸುವಂತೆಯೂ ಇಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಕೊಂಡ ಗಾಡಿ. ಮೂರು ಸಲ ಸರ್ವೀಸಿಗೆ ಬಿಟ್ಟರೂ ಸನ್‌ರೂಫ್ ಸೋರುವುದು ನಿಂತಿಲ್ಲ. ಪ್ರತಿ ಸಲ 'ಸರಿಯಾಗಿದೆ' ಎಂದು ಕೊಡುತ್ತಾರೆ. ಮುಂದೇನು?
— ಹೊಸದುರ್ಗ

ಉತ್ತರ: ಬಾಯಿ ಮಾತು ನಿಲ್ಲಿಸಿ ಕಾಗದ ಶುರು ಮಾಡಿ. ಜಾಬ್ ಕಾರ್ಡಿನಲ್ಲಿ 'ನೀರು ಬರುತ್ತದೆ ಎನ್ನುತ್ತಾರೆ' ಎಂದಷ್ಟೇ ಬರೆಸಿದರೆ ಒರೆಸಿ ಕೊಟ್ಟುಬಿಡುತ್ತಾರೆ. 'ಮುಂದಿನ ಬಲ ಕೊಳವೆಗೆ 250 ಮಿಲಿಲೀಟರ್ ನೀರು ಬಿಟ್ಟಾಗ ಹೊರಗೆ ಬರಲಿಲ್ಲ, ಕಾರ್ಪೆಟ್ ಅಡಿ ಒದ್ದೆ' ಎಂದು ದಿನಾಂಕ, ಕಿಲೋಮೀಟರ್ ಸಹಿತ ಬರೆಸಿ. ಬಾಟಲಿ ಪರೀಕ್ಷೆಯನ್ನು ತಡೆಯಿಲ್ಲದೆ ಒಂದೇ ವಿಡಿಯೋದಲ್ಲಿ ಹಿಡಿಯಿರಿ: ನಂಬರ್ ಪ್ಲೇಟು, ಸುರಿಯುವುದು, ಗಾಡಿಯ ಕೆಳಗಿನ ಒಣ ನೆಲ, ಹಿಸುಕಿದ ಸ್ಪಂಜು.

ದುರಸ್ತಿಯಲ್ಲಿ ಮೂರು ಕೆಲಸ ಕೇಳಿ ಪಡೆಯಿರಿ. ಕೊಳವೆ ಕೂರಿಸಿದ ಜಾಗ ನಿಮಗೆ ತೋರಿಸಬೇಕು. ಸೀಟು ಬಿಚ್ಚಿ ಕಾರ್ಪೆಟ್ ಮೇಲೆತ್ತಿ ಸ್ಪಂಜನ್ನು ಪೂರ್ತಿ ಒಣಗಿಸಬೇಕು ಅಥವಾ ಬದಲಿಸಬೇಕು. ಕಾರ್ಪೆಟ್ ಅಡಿಯ ವೈರ್ ಜೋಡಣೆಗಳನ್ನು ಬಿಚ್ಚಿ ಹಸಿರು ತುಕ್ಕು ಇದೆಯೇ ನೋಡಬೇಕು. ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿದರೆ ಸ್ಪಂಜು ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಅನೇಕ ಗಾಡಿಗಳಲ್ಲಿ ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆ ಇರುವುದು ನಡುವಿನ ಕನ್ಸೋಲಿನ ಅಡಿ, ನೆಲಕ್ಕೆ ಅಂಟಿಕೊಂಡು. ನೀರು ಅಲ್ಲಿಗೆ ಮುಟ್ಟಿದರೆ ಇದು ಬರೀ ಒದ್ದೆ ಕಾರ್ಪೆಟ್ಟಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅದೇ ಕಾರಣಕ್ಕೆ ಕಂಬದ ಪ್ಯಾನೆಲನ್ನು ನೀವಾಗಿ ಕೀಳಬೇಡಿ, ಅದರ ಹಿಂದೆ ಏರ್‌ಬ್ಯಾಗ್ ಇರುತ್ತದೆ.

ಇಷ್ಟಾದರೂ ಆಗದಿದ್ದರೆ ಡೀಲರಿಗೂ ತಯಾರಕ ಕಂಪನಿಗೂ ಒಟ್ಟಿಗೆ ಇ-ಮೇಲ್ ಮತ್ತು ರಿಜಿಸ್ಟರ್ಡ್ ಅಂಚೆಯಲ್ಲಿ ದೂರು ಕಳಿಸಿ, ಹದಿನೈದು ದಿನ ಗಡುವು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ದಾಖಲಿಸಿ. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. ಗಾಡಿ ಬೆಂಗಳೂರಿನದಾದರೂ ಅಲ್ಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಚಿತ್ರದುರ್ಗದಲ್ಲೇ, ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿ. 10ರಿಂದ 20 ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಹಾಗಾಗಿ ಮೊದಲ ಜಾಬ್ ಕಾರ್ಡನ್ನು ಜೋಪಾನವಾಗಿಡಿ, ಅದರ ಜೆರಾಕ್ಸನ್ನು ಈಗಲೇ ತೆಗೆಸಿಡಿ. ಸರ್ವೀಸ್ ಸೆಂಟರಿನ ತೆಳು ಕಾಗದದ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸುತ್ತವೆ.